ಥರ್ಮಾಮೀಟರ್ ಕೊಡವಿದರೆ ಜ್ವರ ಇಳಿಯದು

ಆಗಸ್ಟ್ 15 ಹತ್ತಿರ ಬಂತೆಂದರೆ ನ್ಯಾಮತಿ, ಸುರಹೊನ್ನೆ, ಸವಳಂಗದ ಕಡೆಯ ಶಾಲೆಗಳಲ್ಲಿ ಭಾಷಣದ ತಯಾರಿ ಜೋರಾಗುತ್ತದೆ. ಅಣ್ಣನೋ ಅಕ್ಕನೋ ಬರೆದುಕೊಟ್ಟ ಎರಡು ಪುಟಗಳನ್ನು ಮಗು ಬಾಯಿಪಾಠ ಮಾಡುತ್ತದೆ. ರೊಟ್ಟಿ ಬಡಿಯುತ್ತಿರುವ ತಾಯಿಯ ಮುಂದೆ ನಿಂತು ಒಪ್ಪಿಸುತ್ತದೆ. ಗಾಂಧೀಜಿ, ನೆಹರೂ, ಸುಭಾಷರು ಬಂದು ಹೋಗುತ್ತಾರೆ, ಕೊನೆಗೆ 'ಜೈ ಹಿಂದ್' ಬರುತ್ತದೆ. ಚಪ್ಪಾಳೆಯಾಗುತ್ತದೆ, ಬಹುಮಾನವೂ ಬರುತ್ತದೆ. ಆದರೆ ಒಂದು ಪ್ರಶ್ನೆಯನ್ನು ಆ ದಿನ ಯಾರೂ ಕೇಳುವುದಿಲ್ಲ. ಅಷ್ಟು ಕಷ್ಟಪಟ್ಟು ತಂದ ಸ್ವಾತಂತ್ರ್ಯವನ್ನು ಈಗ ಎಲ್ಲಿ ಇಟ್ಟಿದ್ದಾರೆ? ಅದನ್ನು ಯಾರು, ಹೇಗೆ ಬಳಸುತ್ತಿದ್ದಾರೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೆಹಲಿಗೆ ಹೋಗಬೇಕಾಗಿಲ್ಲ. ಪಕ್ಕದ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಿಂದಲೇ ಆರಂಭಿಸಬಹುದು.

ಕಾರಿಗನೂರಿನಲ್ಲಿ 1930ರ ಅಕ್ಟೋಬರ್ 1ರಂದು ಜಯದೇವಪ್ಪ ಹಾಲಪ್ಪ ಪಟೇಲರು ಹುಟ್ಟಿದರು. ನಾಡಿಗೆ ಅವರು ಜೆ.ಎಚ್. ಪಟೇಲರು. ಕಾನೂನು ಓದಿದ ಅವರು ಶಾಂತವೇರಿ ಗೋಪಾಲಗೌಡರು ಮತ್ತು ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಒಲಿದು ಸಮಾಜವಾದಿ ಪಕ್ಷ ಸೇರಿದರು. 1967ರ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಆಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಲ್ಲವೂ ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು. ದೆಹಲಿಗೆ ಹೋದ ಅದೇ ವರ್ಷ ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಆ ಸಭೆಯಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು.

ಇದು ಕೇವಲ ಭಾಷಾಭಿಮಾನದ ಕಥೆಯೆಂದು ಮುಂದೆ ಸಾಗುವವರೇ ಹೆಚ್ಚು. ಅದರೊಳಗೆ ಇನ್ನೊಂದು ಸಂಗತಿ ಇದೆ. ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಸಂವಿಧಾನದ 120ನೇ ವಿಧಿ ಹೇಳುತ್ತದೆ. ಅದೇ ವಿಧಿಯಲ್ಲಿ ಒಂದು ಸಣ್ಣ ಕಿಂಡಿಯೂ ಇದೆ. ಆ ಎರಡು ಭಾಷೆಗಳಲ್ಲಿ ತನ್ನ ಮನಸ್ಸಿನ ಮಾತನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಸಂವಿಧಾನ ಜಾರಿಗೆ ಬಂದದ್ದು 1950ರಲ್ಲಿ. ಕನ್ನಡದ ಪಾಲಿಗೆ ಆ ಕಿಂಡಿ ಹದಿನೇಳು ವರ್ಷ ಮುಚ್ಚಿಯೇ ಇತ್ತು. ಅದನ್ನು ಮುಚ್ಚಿದ್ದು ಸರ್ಕಾರವಲ್ಲ, ಯಾರೂ ತಟ್ಟಿರಲಿಲ್ಲ, ಅಷ್ಟೆ. ಪಟೇಲರು ತಟ್ಟಿದರು. ಸಭಾಧ್ಯಕ್ಷರಾಗಿದ್ದ, ತೆಲುಗು ಮನೆಮಾತಿನ ನೀಲಂ ಸಂಜೀವ ರೆಡ್ಡಿಯವರು ಅನುಮತಿ ಕೊಟ್ಟರು. ಪಟೇಲರು ಕಾನೂನು ಪದವೀಧರರು. ಇಂಗ್ಲಿಷ್ ಬಾರದೆ ಕನ್ನಡ ಆಡಿದವರಲ್ಲ. ತನ್ನನ್ನು ಆರಿಸಿ ಕಳಿಸಿದ ರೈತನಿಗೆ ಅರ್ಥವಾಗುವ ಮಾತು ದೇಶದ ದೊಡ್ಡ ಸಭೆಯಲ್ಲಿ ಕೇಳಿಸಬೇಕು ಎಂಬುದು ಅದರ ಹಿಂದಿನ ಅರ್ಥ.

ಪುಸ್ತಕದಲ್ಲಿ ಬರೆದ ಹಕ್ಕು, ತಂತಿ ಎಳೆದು ಬಲ್ಬು ಹಾಕಿದ ಮನೆಯಿದ್ದಂತೆ. ಸ್ವಿಚ್ ಒತ್ತುವವರೆಗೂ ಕತ್ತಲೆಯೇ. ಇಂದು ಕನ್ನಡದ ಸಂಸತ್ ಸದಸ್ಯರು ತಮ್ಮ ಭಾಷೆಯಲ್ಲಿ ಮಾತಾಡಬಹುದು, ಅದನ್ನು ಅನುವಾದಿಸುವ ವ್ಯವಸ್ಥೆಯೂ ಇದೆ. 1967ರಲ್ಲಿ ಒಬ್ಬರು ಸ್ವಿಚ್ ಒತ್ತಿದರು, ಆಮೇಲೆ ಬಂದವರಿಗೆ ಬೆಳಕಿನ ದಾರಿ ಗೊತ್ತಾಯಿತು.

ಇಷ್ಟಕ್ಕೇ ನಿಂತಿದ್ದರೆ ಕಥೆ ಸುಲಭವಾಗಿತ್ತು. ಆದರೆ ಹೀಗೆ ಎದ್ದು ನಿಂತು ಮಾತಾಡಿದ ಮನುಷ್ಯನೇ ಎಂಟು ವರ್ಷಗಳ ನಂತರ ಬಂದ ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಸೇರಬೇಕಾಯಿತು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿತು. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. 'ಆಂತರಿಕ ಕ್ಷೋಭೆ' ಎಂಬುದು ಅದಕ್ಕೆ ಕೊಟ್ಟ ಕಾರಣ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಮರುದಿನ ಅಲ್ಲೇ ಬಂಧಿತರಾದರು. ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಪತ್ರಿಕೆಗಳಲ್ಲಿ ಏನು ಅಚ್ಚಾಗಬೇಕು, ಏನು ಅಚ್ಚಾಗಬಾರದು ಎಂಬುದನ್ನು ಅಧಿಕಾರಿಗಳು ತೀರ್ಮಾನಿಸತೊಡಗಿದರು. ಇಪ್ಪತ್ತೊಂದು ತಿಂಗಳು ಹೀಗೇ ನಡೆಯಿತು.

ತೀರ್ಥಹಳ್ಳಿಯ ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ 'ಸಂಸ್ಕಾರ' ಚಲನಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಅವರಿಗೆ ಆಸ್ತಮಾ ಇತ್ತು. ತೀರಾ ಬಳಲಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಿಟ್ಟರು. ಐದೇ ದಿನಗಳಲ್ಲಿ, ಜನವರಿ 20ರಂದು, ಅವರು ತೀರಿಕೊಂಡರು. ಆ ಕಾರಾಗೃಹದ ಜಾಗವೇ ಈಗ 'ಫ್ರೀಡಂ ಪಾರ್ಕ್'. ಬೆಂಗಳೂರಿಗೆ ಪ್ರವಾಸ ಹೋಗುವ ಮಕ್ಕಳಿಗೆ ವಿಧಾನಸೌಧದ ಜೊತೆಗೆ ಅದನ್ನೂ ತೋರಿಸಿದರೆ ಒಳ್ಳೆಯದು.

ಈ ಕಾಲದ ಮಾತು ಬಂದಾಗ ಮನೆಯ ಅಜ್ಜಂದಿರು ಹೇಳುವ ಮಾತೊಂದಿದೆ. "ಏನೇ ಅನ್ನಪ್ಪಾ, ಆಗ ಆಫೀಸಿನೋರು ಹತ್ತು ಗಂಟೆಗೆ ಕುರ್ಚಿಮೇಲೆ ಇರ್ತಿದ್ರು, ರೈಲು ಟೈಮಿಗೆ ಬರ್ತಿತ್ತು." ಅದನ್ನು ಕೇಳಿದ ಮೊಮ್ಮಕ್ಕಳಿಗೆ ಆ ಕಾಲವೇ ಚೆನ್ನಾಗಿತ್ತೇನೋ ಅನ್ನಿಸುತ್ತದೆ. ಅಜ್ಜನ ಮಾತನ್ನು ಸುಳ್ಳೆಂದು ತಳ್ಳುವುದು ಸರಿಯಲ್ಲ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯಿಂದ ದೇವರಾಜ ಅರಸರ ಸರ್ಕಾರ ಗೇಣಿದಾರರಿಗೆ ಉಳುವ ಹೊಲ ಕೊಟ್ಟಿದ್ದು ಅದೇ ವರ್ಷಗಳಲ್ಲಿ. ಎರಡೆಕರೆ ಜಮೀನಿನ ಪಹಣಿಯಲ್ಲಿ ತನ್ನ ಹೆಸರು ಕಂಡ ಒಕ್ಕಲಿಗೆ ಸ್ವಾತಂತ್ರ್ಯ ಎಂದರೆ ಆ ಪಹಣಿಯೇ. 1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಆ ಪಕ್ಷಕ್ಕೇ ಬಂದವು. ಇದಕ್ಕೂ ಕಾರಣಗಳಿದ್ದವು.

ಆದರೂ ಅಜ್ಜನ ಮಾತಿನಲ್ಲಿ ಒಂದು ಲೆಕ್ಕ ತಪ್ಪಿದೆ. ಅದನ್ನು ವಿಜ್ಞಾನದ ತರಗತಿಯ ಉದಾಹರಣೆಯೊಂದರಿಂದ ಬಿಡಿಸಬಹುದು.

ಒಬ್ಬ ಹುಡುಗನಿಗೆ ಜಾತ್ರೆಗೆ ಹೋಗುವ ಆಸೆ, ಆದರೆ ಮೈಯಲ್ಲಿ ಜ್ವರ. ತಾಯಿ ಪಾದರಸದ ಥರ್ಮಾಮೀಟರ್ ಬಾಯಲ್ಲಿಟ್ಟು ಒಲೆಯ ಕಡೆ ಹೋಗಿದ್ದಾಳೆ. ಹುಡುಗ ತೆಗೆದು ನೋಡುತ್ತಾನೆ, 102 ಡಿಗ್ರಿ. ತಣ್ಣೀರಿಗೆ ಅದ್ದುತ್ತಾನೆ, ಪಾದರಸ ಇಳಿಯುವುದಿಲ್ಲ. ಬುರುಡೆಯ ಮೇಲೆ ನಳಿಗೆಯಲ್ಲಿ ಒಂದು ಇಕ್ಕಟ್ಟು ಇರುವುದರಿಂದ ಏರಿದ ಪಾದರಸ ತಾನಾಗಿ ಹಿಂದೆ ಸರಿಯದು. ಹುಡುಗ ಜಾಣ. ನಾಲ್ಕು ಸಲ ಜೋರಾಗಿ ಕೊಡವುತ್ತಾನೆ, ಪಾದರಸ 98ಕ್ಕೆ ಬರುತ್ತದೆ. ತಾಯಿ ನೋಡಿ ಸಮಾಧಾನದಿಂದ ಹೊಸ ಅಂಗಿ ತೊಡಿಸುತ್ತಾಳೆ. ಜ್ವರ ಮಾತ್ರ 102ರಲ್ಲೇ ಇದೆ, ಜಾತ್ರೆಯ ಬಿಸಿಲಲ್ಲಿ ಇನ್ನೂ ಏರುತ್ತದೆ.

ಒಂದು ದೇಶಕ್ಕೆ ಪತ್ರಿಕೆ, ವಿರೋಧ ಪಕ್ಷ, ನ್ಯಾಯಾಲಯ, ಬೀದಿಯಲ್ಲಿ ಘೋಷಣೆ ಕೂಗುವ ಜನ, ಇವೆಲ್ಲ ಥರ್ಮಾಮೀಟರುಗಳು. ಇವು ಜ್ವರ ತರುವುದಿಲ್ಲ, ಇದ್ದ ಜ್ವರವನ್ನು ಹೇಳುತ್ತವೆ. ತುರ್ತು ಪರಿಸ್ಥಿತಿಯಲ್ಲಿ ಆಗಿದ್ದು ಕೊಡವುವ ಕೆಲಸ. ಪತ್ರಿಕೆಯಲ್ಲಿ ಕೆಟ್ಟ ಸುದ್ದಿ ಇಲ್ಲದ್ದರಿಂದ ಕೆಟ್ಟದ್ದು ನಡೆಯುತ್ತಿಲ್ಲ ಎಂದು ಜನ ನಂಬಿದರು, ಕ್ರಮೇಣ ಆಳುವವರೂ ನಂಬಿದರು. ಉತ್ತರ ಭಾರತದ ಹಳ್ಳಿಗಳಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆಗೆ ಎಷ್ಟು ಸಿಟ್ಟು ತುಂಬಿತ್ತು ಎಂಬುದು ದೆಹಲಿಗೆ ಸ್ಪಷ್ಟವಾಗಿ ಗೊತ್ತಾಗಿದ್ದು 1977ರ ಮಾರ್ಚ್‌ನಲ್ಲಿ ಮತಪೆಟ್ಟಿಗೆ ಒಡೆದ ಮೇಲೆ. ರೈಲು ಹೊತ್ತಿಗೆ ಸರಿಯಾಗಿ ಬಂದದ್ದು ಅಜ್ಜನಿಗೆ ಕಂಡಿತು. ಕಾಣದಂತೆ ಮಾಡಿದ್ದು ಅಜ್ಜನಿಗೂ ಕಾಣಲಿಲ್ಲ. ಲೆಕ್ಕ ತಪ್ಪಿದ್ದು ಅಲ್ಲಿ.

ಇದು ಬರೀ ಹೋಲಿಕೆಯಲ್ಲ, ಪ್ರಾಣದ ಪ್ರಶ್ನೆ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಸುದ್ದಿಯನ್ನು ಅದುಮಿಟ್ಟಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆ ಬೀದಿಯಲ್ಲಿ ಸಾಯುತ್ತಿದ್ದವರ ಚಿತ್ರಗಳನ್ನು ಅಚ್ಚು ಹಾಕಿದ ಮೇಲೆಯೇ ಹೊರಜಗತ್ತು ಎಚ್ಚೆತ್ತಿತು. ಅರ್ಥಶಾಸ್ತ್ರದಲ್ಲಿ 1998ರ ನೊಬೆಲ್ ಪಡೆದ ಅಮರ್ತ್ಯ ಸೇನ್ ಆಗ ಬಂಗಾಳದಲ್ಲಿದ್ದ ಪುಟ್ಟ ಹುಡುಗ. ಪತ್ರಿಕೆಗಳು ಸ್ವತಂತ್ರವಾಗಿದ್ದು ಚುನಾವಣೆ ಸರಿಯಾಗಿ ನಡೆಯುವ ದೇಶದಲ್ಲಿ ದೊಡ್ಡ ಕ್ಷಾಮ ಬಂದಿಲ್ಲ ಎಂಬುದನ್ನು ಅವರು ಮುಂದೆ ತೋರಿಸಿಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಭಾರತದಲ್ಲಿ ಬರಗಾಲಗಳು ಬಂದಿವೆ, ಆದರೆ 1943ರಂಥ ಸಾವು ಮತ್ತೆ ಆಗಿಲ್ಲ. ಅದೇ ಅವಧಿಯಲ್ಲಿ, 1958ರಿಂದ 61ರವರೆಗೆ, ಚೀನಾದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಬೆಳೆ ಚೆನ್ನಾಗಿದೆ ಎಂದು ಕೆಳಗಿನ ಅಧಿಕಾರಿಗಳು ಮೇಲಿನವರಿಗೆ ಬರೆಯುತ್ತಲೇ ಇದ್ದರು. ನಿಜ ಬರೆಯಲು ಅವರಿಗೆ ಧೈರ್ಯವಿರಲಿಲ್ಲ.

ನಾಡಿನ ನ್ಯಾಯಾಲಯಗಳೂ ಆ ದಿನಗಳಲ್ಲಿ ಪರೀಕ್ಷೆಗೆ ಒಳಗಾದವು. ಬೆಂಗಳೂರಿನಲ್ಲಿ ಸೆರೆಯಾದ ನಾಯಕರು ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹಾಕಿದರು, ಬೇರೆ ರಾಜ್ಯಗಳಲ್ಲೂ ಇಂಥ ಅರ್ಜಿಗಳು ಬಂದವು. ಬಂಧನ ಕಾನೂನಿಗೆ ಸರಿಯಾಗಿದೆಯೇ ಎಂದು ನೋಡುವ ಅಧಿಕಾರ ತಮಗಿದೆ ಎಂದು ಹಲವು ಹೈಕೋರ್ಟುಗಳು ಹೇಳಿದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕಿಲ್ಲ ಎಂಬುದು ಅದರ ಸಾರ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರಿಗೆ ಬರಬೇಕಿತ್ತು, 1977ರ ಜನವರಿಯಲ್ಲಿ ಅದನ್ನು ಅವರಿಗಿಂತ ಕಿರಿಯರಿಗೆ ಕೊಟ್ಟರು. ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ಹೋದರು.

ಒಂಟಿ ಮಾತು ವ್ಯರ್ಥವಾಯಿತೇ? ಆಗಲಿಲ್ಲ. ಹೊಸ ಸರ್ಕಾರ ಬಂದ ಮೇಲೆ ಸಂವಿಧಾನಕ್ಕೆ 44ನೇ ತಿದ್ದುಪಡಿ ಆಯಿತು. 'ಆಂತರಿಕ ಕ್ಷೋಭೆ' ಎಂಬ ಸಡಿಲ ಕಾರಣದ ಜಾಗದಲ್ಲಿ 'ಸಶಸ್ತ್ರ ಬಂಡಾಯ' ಎಂಬ ಬಿಗಿಯಾದ ಮಾತು ಬಂತು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯ ರಕ್ಷಣೆಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ ಎಂದಾಯಿತು. 1979ರ ಏಪ್ರಿಲ್ 30ರಂದು ಅದಕ್ಕೆ ಅಂಕಿತ ಹಾಕಿದ ರಾಷ್ಟ್ರಪತಿ ಬೇರೆ ಯಾರೂ ಅಲ್ಲ, ಹನ್ನೆರಡು ವರ್ಷಗಳ ಹಿಂದೆ ಪಟೇಲರಿಗೆ ಕನ್ನಡದಲ್ಲಿ ಮಾತಾಡಲು ಅನುಮತಿ ಕೊಟ್ಟ ಅದೇ ಸಂಜೀವ ರೆಡ್ಡಿಯವರು. 1976ರ ಆ ತೀರ್ಪು ಮಾತ್ರ ಪುಸ್ತಕದಲ್ಲಿ ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದರು. 1976ರ ತೀರ್ಪು ತಪ್ಪೆಂದು ಹೇಳಿ ಅದನ್ನು ರದ್ದುಮಾಡಿದ್ದೂ ಅಂದೇ. ಖನ್ನಾ ಅವರ ಒಂಟಿ ಮಾತು ನಲವತ್ತೊಂದು ವರ್ಷಗಳ ನಂತರ ಗೆದ್ದಿತು.

ಹತ್ತನೇ ತರಗತಿಯ ಮಕ್ಕಳು ಗಮನಿಸಬೇಕಾದ ಇನ್ನೊಂದು ವಿಚಿತ್ರವಿದೆ. ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎಂದು ಮೂಲಭೂತ ಕರ್ತವ್ಯಗಳ ಪಟ್ಟಿಯಲ್ಲಿದೆ. ಪರೀಕ್ಷೆಗೆ ಬರುವ ಪಾಠ, ಎಲ್ಲರೂ ಬರೆಯುತ್ತಾರೆ. ಆ ಪಟ್ಟಿ ಸಂವಿಧಾನಕ್ಕೆ ಸೇರಿದ್ದು 42ನೇ ತಿದ್ದುಪಡಿಯಿಂದ, 1976ರಲ್ಲಿ. ಅಂದರೆ ಪ್ರಶ್ನೆ ಕೇಳಿದವರು ಸೆರೆಮನೆಯಲ್ಲಿದ್ದಾಗಲೇ ಪ್ರಶ್ನೆ ಕೇಳುವುದು ಕರ್ತವ್ಯವೆಂದು ಬರೆಯಲಾಯಿತು! ಬರೆದದ್ದು ಒಳ್ಳೆಯ ಮಾತೇ. ಬರೆದದ್ದಕ್ಕೂ ನಡೆದದ್ದಕ್ಕೂ ನಡುವಿನ ದೂರವನ್ನು ಅಳೆಯುವುದೇ ಪೌರನೀತಿಯ ನಿಜವಾದ ಪಾಠ.

ಈ ದೂರ ಬೆಳೆಯುವುದು ಹೇಗೆ? ಎಲ್ಲ ತಪ್ಪನ್ನೂ ಆಳುವವರ ಮೇಲೆ ಹೊರಿಸಿದರೆ ಅರ್ಧ ಉತ್ತರವಷ್ಟೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಒಂದು ಎಚ್ಚರಿಕೆ ಕೊಟ್ಟಿದ್ದರು. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿಯಾಗುತ್ತದೆ ಎಂಬುದು ಅದರ ತಾತ್ಪರ್ಯ. ಸುಮಾರು ಕಾಲು ಶತಮಾನದ ನಂತರ ಆಳುವ ಪಕ್ಷದ ಅಧ್ಯಕ್ಷರಾಗಿದ್ದ ದೇವಕಾಂತ ಬರೂವಾ ಅವರು 'ಇಂದಿರಾ ಎಂದರೆ ಇಂಡಿಯಾ' ಎಂದರು. ಹೆಸರುಗಳು ಬದಲಾಗುತ್ತವೆ, ಪಕ್ಷಗಳು ಬದಲಾಗುತ್ತವೆ, ಬಾವುಟದ ಬಣ್ಣಗಳೂ ಬದಲಾಗುತ್ತವೆ. ಒಬ್ಬ ನಾಯಕನನ್ನು ಟೀಕಿಸಿದರೆ ದೇಶವನ್ನೇ ಬೈದಂತೆ ಎಂದು ಕೆರಳುವ ಚಾಳಿ ಮಾತ್ರ ಉಳಿದುಕೊಂಡಿದೆ. ಇದು ದೆಹಲಿಯಲ್ಲಷ್ಟೇ ಇದೆ ಎನ್ನುವಂತಿಲ್ಲ. ಊರಿನ ಅಗಸೆಯಲ್ಲಿ, ಮೊಬೈಲಿನ ವಾಟ್ಸಾಪ್ ಗುಂಪಿನಲ್ಲಿ ದಿನವೂ ಕಾಣುತ್ತದೆ. ಒಬ್ಬ ಬೇರೆ ಮಾತು ಹೇಳಿದನೋ, ಉತ್ತರ ಬರುವುದಿಲ್ಲ, ಬೈಗುಳ ಬರುತ್ತದೆ. ಎರಡನೇ ಸಲ ಅವನು ಸುಮ್ಮನಿರುತ್ತಾನೆ. ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ ಅಲ್ಲೊಂದು ಥರ್ಮಾಮೀಟರನ್ನು ಕೊಡವಿದಂತಾಯಿತು.

ಈ ಲೆಕ್ಕದಲ್ಲಿ ಪಟೇಲರನ್ನೂ ಪೂಜೆಗೆ ಕೂರಿಸಬೇಕಾಗಿಲ್ಲ. ಅವರು 1996ರ ಮೇ 31ರಿಂದ 1999ರ ಅಕ್ಟೋಬರ್‌ವರೆಗೆ ಮುಖ್ಯಮಂತ್ರಿಯಾಗಿದ್ದರು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದ್ದು, ಚನ್ನಗಿರಿ ಹೊನ್ನಾಳಿಗಳು ಅದಕ್ಕೆ ಸೇರಿದ್ದು ಅವರ ಕಾಲದಲ್ಲೇ. ಅವರ ಆಡಳಿತದ ಬಗ್ಗೆ ಟೀಕೆಗಳು ಬೇಕಾದಷ್ಟಿದ್ದವು. ಅವರ ಹಾಸ್ಯದ ಮಾತುಗಳೂ ಅಷ್ಟೇ ಹೆಸರಾಗಿದ್ದವು. 2000ದ ಡಿಸೆಂಬರ್ 12ರಂದು ಅವರು ತೀರಿಕೊಂಡರು. ಅವರಿಂದ ಕಲಿಯಬೇಕಾದ್ದು ಎದ್ದು ನಿಲ್ಲುವುದನ್ನು. ಎದ್ದು ನಿಲ್ಲುವುದನ್ನು ಕಲಿತವನು ಪಟೇಲರನ್ನೂ ಪ್ರಶ್ನಿಸುತ್ತಾನೆ, ಪ್ರಶ್ನಿಸಲೇಬೇಕು.

ಹಾಗಾದರೆ ಕಲಿಯುವುದು ಎಲ್ಲಿ? ಮೊದಲ ಶಾಲೆ ಮನೆಯೇ. "ಎದುರು ಮಾತಾಡಬೇಡ" ಎಂಬುದು ಬಹಳ ಮನೆಗಳಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಸುವ ಮಾತು. ಎದುರುತ್ತರ ಬೇರೆ, ಪ್ರಶ್ನೆ ಬೇರೆ ಎಂಬುದನ್ನು ಹೆತ್ತವರು ಬಿಡಿಸಿ ನೋಡಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು "ಅಪ್ಪಾಜಿ, ನನಗೆ ಯಾಕೆ ಸೈನ್ಸ್ ಬೇಡ ಅಂತೀರಿ?" ಎಂದು ಕೇಳಿದರೆ ಅದು ಎದುರುತ್ತರವಲ್ಲ. ಅದಕ್ಕೆ "ಸುಮ್ನಿರು" ಎಂಬುದು ಉತ್ತರವೂ ಅಲ್ಲ. ಮನೆಯಲ್ಲಿ ಹದಿನೆಂಟು ವರ್ಷ ಸುಮ್ಮನಿರಲು ಕಲಿಸಿದ ಮಗು, ಮತದಾನದ ದಿನ ಏಕಾಏಕಿ ಸ್ವತಂತ್ರವಾಗಿ ಯೋಚಿಸಲಿ ಎಂದರೆ ಆಗುವ ಮಾತೇ? 1989ರಿಂದ ಈ ದೇಶದಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದಿದೆ. ಹತ್ತನೇ ತರಗತಿಯವರಿಗೆ ಉಳಿದಿರುವುದು ಎರಡು ಮೂರು ವರ್ಷ ಮಾತ್ರ.

'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಮಕ್ಕಳಿಗೂ ಹೇಳಬೇಕು. ಪ್ರಶ್ನೆ ಕೇಳುವವನಿಗೂ ಹೊಣೆ ಇದೆ. ಗೊತ್ತಿದ್ದು ಕೇಳಬೇಕು, ವಿವರ ಹಿಡಿದು ಕೇಳಬೇಕು, ಉತ್ತರ ಬಂದಾಗ ಕಿವಿಗೊಡಬೇಕು. ಪ್ರಯೋಗಶಾಲೆಯಲ್ಲಿ ತನ್ನ ಊಹೆ ತಪ್ಪೆಂದು ಕಂಡಾಗ ಒಪ್ಪಿಕೊಳ್ಳುವ ಹುಡುಗನೇ ಸಭೆಯಲ್ಲೂ ಒಪ್ಪಿಕೊಳ್ಳಬಲ್ಲ.

ಅಭ್ಯಾಸಕ್ಕೆ ಅವಕಾಶಗಳು ಹತ್ತಿರದಲ್ಲೇ ಇವೆ. ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಕರ್ನಾಟಕದಲ್ಲಿದೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಸಂಜೆಯ ಬಸ್ಸು ಹುಡುಗಿಯರನ್ನು ಕಂಡರೂ ನಿಲ್ಲಿಸದೆ ಹೋಗುತ್ತದೆ ಎಂದು ಮಕ್ಕಳು ಅಧ್ಯಕ್ಷರ ಮುಂದೆಯೇ ಹೇಳಬಹುದು. ದೊಡ್ಡವರ ಗ್ರಾಮಸಭೆಗೆ ತಂದೆ ತಾಯಿ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ ಮೂವತ್ತು ದಿನಗಳಲ್ಲಿ ಕಚೇರಿ ಉತ್ತರಿಸಬೇಕು. ಕೇರಿಯ ರಸ್ತೆಗೆ ಎಷ್ಟು ಹಣ ಬಂತು ಎಂದು ಕೇಳುವುದು ದೇಶದ್ರೋಹವೂ ಅಲ್ಲ, ಜಗಳವೂ ಅಲ್ಲ. 1967ರಲ್ಲಿ ಪಟೇಲರು ತಟ್ಟಿದ ಕಿಂಡಿಯಂಥದ್ದೇ ಇನ್ನೊಂದು ಕಿಂಡಿ ಅದು.

ಬರುವ ಆಗಸ್ಟ್ 15ಕ್ಕೆ ಒಂದು ಸಣ್ಣ ಬದಲಾವಣೆ ಮಾಡಿ ನೋಡಬಹುದು. ಪ್ರತಿ ಭಾಷಣ ಮುಗಿದ ಮೇಲೆ ಕೇಳುಗ ಮಕ್ಕಳಿಂದ ಎರಡು ಪ್ರಶ್ನೆ. ಉತ್ತರ ಬಾಯಿಪಾಠದಲ್ಲಿ ಇರುವುದಿಲ್ಲ. ಮಗು ತಡವರಿಸುತ್ತದೆ, ಯೋಚಿಸುತ್ತದೆ, ತನ್ನ ಮಾತಿನಲ್ಲಿ ಏನೋ ಹೇಳುತ್ತದೆ. ಬಹುಮಾನವನ್ನು ಆ ಉತ್ತರಕ್ಕೆ ಕೊಟ್ಟರೆ ಸಾಕು.